ಕರೆಂಟ್ ಬಂದರೆ ಫೋನ್ ಮಾಡುವ ಡಬ್ಬಿ: ಮೊಬೈಲ್ ಸ್ಟಾರ್ಟರ್, ಒಂದು ವರ್ಷ ಬಳಸಿದ ಮೇಲೆ

ನಮ್ಮ ತೋಟ ಇರುವುದು ಗುಬ್ಬಿ ತಾಲ್ಲೂಕಿನಲ್ಲಿ. ಮನೆಯಿಂದ ಬೋರಿಗೆ ಒಂದೂವರೆ ಕಿಲೋಮೀಟರ್. ತ್ರೀ ಫೇಸ್ ಕರೆಂಟು ದಿನಕ್ಕೆ 7 ಗಂಟೆ, ಅದರಲ್ಲೂ ಕೆಲವು ವಾರ ರಾತ್ರಿ ಪಾಳಿ. ಹತ್ತೂವರೆಗೆ ಬ್ಯಾಟರಿ ಹಿಡಿದುಕೊಂಡು, ಹಾವು ಚೇಳು ನೋಡಿಕೊಂಡು ಬದುವಿನ ಮೇಲೆ ಹೋಗಿ ಮೋಟರ್ ಹಾಕಿ ಬರುವುದು ಸಾಕಾಗಿತ್ತು. ಹೋದ ವರ್ಷ ಯುಗಾದಿ ಕಳೆದ ಮೇಲೆ 6,800 ರೂಪಾಯಿ ಕೊಟ್ಟು ಮೊಬೈಲ್ ಸ್ಟಾರ್ಟರ್ ಹಾಕಿಸಿದೆ. ಕಂಪನಿ ಹೆಸರು ಬರೆಯುವುದಿಲ್ಲ. ನಾನು ಹೇಳಲು ಹೊರಟ ತೊಂದರೆ ಒಂದೇ ಕಂಪನಿಯದಲ್ಲ.

ಹಳೇ ಸ್ಟಾರ್ಟರ್ ತೆಗೆಯಬೇಕಿಲ್ಲ. ಪಕ್ಕದಲ್ಲೇ ಊಟದ ಡಬ್ಬಿಯಷ್ಟು ಒಂದು ಪೆಟ್ಟಿಗೆ, ಅದರೊಳಗೊಂದು ಸಿಮ್. ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತದೆ. 1 ಒತ್ತಿದರೆ ಮೋಟರ್ ಆನ್, 2 ಒತ್ತಿದರೆ ಆಫ್. ಕರೆಂಟು ಬಂದರೆ ತಾನೇ ಫೋನ್ ಮಾಡಿ ತಿಳಿಸುತ್ತದೆ, ಜೊತೆಗೆ ಒಂದು ಮೆಸೇಜು. ಒಂದು ಫೇಸ್ ಹೋದರೆ, ಬೋರಿನಲ್ಲಿ ನೀರು ಕಮ್ಮಿಯಾದರೆ ಮೋಟರ್ ನಿಲ್ಲಿಸುತ್ತದೆ. ಬೇಸಿಗೆಯಲ್ಲಿ ಎರಡು ಸಲ ಹೀಗೆ ನಿಲ್ಲಿಸಿ 7.5 ಎಚ್‌ಪಿ ಮೋಟರ್ ಉಳಿಸಿತು. ವೈಂಡಿಂಗ್ ಖರ್ಚು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. ಇಷ್ಟಕ್ಕೇ ಐದಕ್ಕೆ ನಾಲ್ಕು ಕೊಡಬಹುದು.

ಕೊಟ್ಟಿರುವುದು ಮೂರು. ಯಾಕೆ ಅಂತ ಹೇಳುತ್ತೇನೆ.

ಮೊದಮೊದಲು ಊರಿನಲ್ಲಿ ಇಂಥ ಡಬ್ಬಿ ಇದ್ದದ್ದು ಮೂರೋ ನಾಲ್ಕೋ. ನನ್ನದು ನೋಡಿ ಅವರು, ಅವರದು ನೋಡಿ ಇವರು ಹಾಕಿಸಿ, ದೀಪಾವಳಿ ಹೊತ್ತಿಗೆ ನಮ್ಮ ಲೈನಿನಲ್ಲೇ ನಲವತ್ತರ ಹತ್ತಿರ ಆದವು. ಆಮೇಲೆ ಶುರುವಾಯಿತು. ರಾತ್ರಿ ಕರೆಂಟು ಬಂದ ತಕ್ಷಣ ನನ್ನ ಕೀಪ್ಯಾಡ್ ಫೋನಿಗೆ ಕಾಲ್ ಬರುವುದಿಲ್ಲ. ನಾನೇ ಡಬ್ಬಿಗೆ ಮಾಡಿದರೂ ಹೋಗುವುದಿಲ್ಲ. ಸಿಗ್ನಲ್ ಕಡ್ಡಿ ಮಾತ್ರ ಪೂರ್ತಿ ಇರುತ್ತದೆ! ಐದು ನಿಮಿಷ ಬಿಟ್ಟು ನೋಡಿದರೆ ಎಲ್ಲಾ ಸರಿ. ಅದೇ ಹೊತ್ತಿನಲ್ಲಿ ಹೆಂಡತಿಯ 4ಜಿ ಫೋನಿನಿಂದ ಮಗಳ ಜೊತೆ ಮಾತುಕತೆ ಆರಾಮಾಗಿ ನಡೆಯುತ್ತಿತ್ತು. ಡಬ್ಬಿ ಕೆಟ್ಟಿದೆ ಅಂತ ಅಂಗಡಿಗೆ ಎರಡು ಸಲ ಹೊತ್ತುಕೊಂಡು ಹೋದೆ. "ಚೆನ್ನಾಗೇ ಇದೆಯಲ್ಲ ಸಾರ್" ಅಂದರು. ಹೌದು, ಅಂಗಡಿಯಲ್ಲಿ ಚೆನ್ನಾಗೇ ಇತ್ತು.

ತಂಗಿ ಮಗ ಬೆಂಗಳೂರಿನಲ್ಲಿ ಮೊಬೈಲ್ ನೆಟ್‌ವರ್ಕಿನ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬಂದವನನ್ನು ಬೋರಿನ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ. ನಕ್ಕ. "ಮಾವ, ನಿಮ್ಮ ಡಬ್ಬಿ, ನಿಮ್ಮ ಫೋನು ಎರಡೂ 2ಜಿ. ಎರಡಕ್ಕೂ ಒಂದೇ ಬಾಗಿಲು" ಅಂದ. ಮಾತಾಡುವುದಕ್ಕೆ ಮುಂಚೆ ಪ್ರತಿ ಫೋನೂ ಟವರಿಗೆ "ನನಗೊಂದು ಜಾಗ ಕೊಡು" ಅಂತ ಕೂಗಬೇಕಂತೆ. ಇಬ್ಬರು ಒಂದೇ ಕ್ಷಣಕ್ಕೆ ಕೂಗಿದರೆ ಸಾಮಾನ್ಯವಾಗಿ ಟವರಿಗೆ ಯಾರದ್ದೂ ಕೇಳಿಸುವುದಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಬೇಕು. ಒಳಗೆ ಜಾಗ ಸಿಕ್ಕ ಮೇಲೂ ಕಾಲ್, ಮೆಸೇಜಿನ ವ್ಯವಹಾರಕ್ಕೆ ಇರುವ ಸಣ್ಣ ದಾರಿ ಬೇಗ ತುಂಬಿಹೋಗುತ್ತದೆ. ಜನರಾದರೆ ಒಬ್ಬರು ಈಗ, ಒಬ್ಬರು ಆಗ ಫೋನ್ ಮಾಡುತ್ತಾರೆ. ನಮ್ಮ ಡಬ್ಬಿಗಳು ಹಾಗಲ್ಲ. ಫ್ಯಾಕ್ಟರಿಯಲ್ಲೇ ಎಲ್ಲಕ್ಕೂ ಒಂದೇ ಸೆಟ್ಟಿಂಗು: ಕರೆಂಟು ಬಂದು ಹತ್ತು ಸೆಕೆಂಡಿಗೆ ಕೂಗು.

4ಜಿ ಡಬ್ಬಿ ತಗೊಂಡರೆ ಸರಿಹೋಗುತ್ತದಾ ಅಂತ ಕೇಳಿದೆ. ಅಲ್ಲಿಯೂ ಬಾಗಿಲಲ್ಲಿ ಇರುವುದು 64 ಟೋಕನ್ನುಗಳಂತೆ. ಇಬ್ಬರ ಕೈಗೆ ಒಂದೇ ಟೋಕನ್ ಬಂದರೆ ಅದೇ ಡಿಕ್ಕಿ. ನೆಟ್‌ವರ್ಕಿನ ನಿಯಮ ಬರೆಯುವವರು ಹತ್ತು ಸೆಕೆಂಡಿನಲ್ಲಿ 30,000 ಮೆಷಿನ್‌ಗಳು ಒಟ್ಟಿಗೆ ಬಂದರೆ ಏನಾಗುತ್ತದೆ ಅಂತ ಲೆಕ್ಕ ಹಾಕಿ ನೋಡಿದ್ದಾರಂತೆ. ನೂಕುನುಗ್ಗಲಾದಾಗ ಮೆಷಿನ್‌ಗಳನ್ನು ಸ್ವಲ್ಪ ಹೊತ್ತು ಹೊರಗೆ ನಿಲ್ಲಿಸಿ ಜನರನ್ನು ಮೊದಲು ಬಿಡುವ ಏರ್ಪಾಟೂ ನಿಯಮದಲ್ಲಿದೆ. ಆದರೆ ನಮ್ಮ ಡಬ್ಬಿಯಲ್ಲಿರುವುದು ಅಂಗಡಿಯವರೇ ಹಾಕಿಕೊಟ್ಟ ಮಾಮೂಲಿ 10 ಅಂಕಿಯ ಫೋನ್ ಸಿಮ್. ಟವರಿನ ಲೆಕ್ಕದಲ್ಲಿ ಅದೂ ಒಬ್ಬ ಮನುಷ್ಯನೇ.

ನನಗೆ ಸಿಟ್ಟು ಬಂದದ್ದು ಇಲ್ಲಿ. ಈ ಪಾಠ ನಮ್ಮೂರಿನ ಲೈನ್‌ಮನ್‌ಗೆ ಎಷ್ಟೋ ವರ್ಷದಿಂದ ಗೊತ್ತು! ಮೋಟರ್ ಶುರುವಾಗುವಾಗ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ಕರೆಂಟು ಬಂದಾಗ ತಾನೇ ಮೋಟರ್ ಹಾಕುವ ಆಟೋ ಸ್ಟಾರ್ಟರ್‌ಗಳೆಲ್ಲ ಒಟ್ಟಿಗೆ ಎದ್ದರೆ ಟಿಸಿ (ಲೈನಿನ ಟ್ರಾನ್ಸ್‌ಫಾರ್ಮರ್) ಸುಟ್ಟುಹೋಗುತ್ತದೆ ಅಂತ, ಒಬ್ಬರಿಗೆ ಒಂದು ನಿಮಿಷ, ಇನ್ನೊಬ್ಬರಿಗೆ ಎರಡು ನಿಮಿಷ ಡಿಲೇ ಇಡಿಸಿದ್ದ. ಡಬ್ಬಿ ಮಾಡಿದವರು ಮೋಟರಿಗೆ ಡಿಲೇ ಇಟ್ಟರು, ಸಿಮ್ಮಿನ ಕಡೆ ನೋಡಲೇ ಇಲ್ಲ.

ಫೋನ್ ಮಾಡುವ ಡಿಲೇ ಬದಲಿಸುವ ಸೆಟ್ಟಿಂಗು ಇದೆ, ಪುಸ್ತಕದ ಕೊನೇ ಪುಟದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಅಳಿಯ ನನ್ನದನ್ನು 90 ಸೆಕೆಂಡಿಗೆ ಇಟ್ಟ. ಅಕ್ಕಪಕ್ಕದ ಹದಿನಾಲ್ಕು ಜನರನ್ನು ಹಿಡಿದು ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಹಂಚಿದೆವು. ಬೇಡದ ಮೆಸೇಜುಗಳನ್ನೂ ನಿಲ್ಲಿಸಿದೆವು. ಮೂರು ಫೇಸಿನ ವೋಲ್ಟೇಜು ನನಗೆ ರಾತ್ರಿ ಹತ್ತೂವರೆಗೆ ಯಾಕೆ ಬೇಕು, ಅಲ್ವಾ? ಈಗ ಹತ್ತರಲ್ಲಿ ಎಂಟು ದಿನ ಕಾಲ್ ಬರುತ್ತದೆ.

ತಗೊಳ್ಳುವವರು ಇನ್ನೆರಡು ವಿಷಯ ನೋಡಿಕೊಳ್ಳಿ. ಆಂಟೆನಾವನ್ನು ಕಬ್ಬಿಣದ ಪೆಟ್ಟಿಗೆಯೊಳಗೆ ಬಿಡಬೇಡಿ, ತಂತಿ ಎಳೆದು ಹೊರಗೆ ಮೇಲೆ ಇಡಿಸಿ. ಸಿಮ್ ರೀಚಾರ್ಜ್ ಮರೆತರೆ ಡಬ್ಬಿ ಮೂಕ, ತಾರೀಕು ಗೋಡೆಯ ಮೇಲೆ ಬರೆದಿಡಿ.

ಕೆಳಗಿನ ತೋಟದ ಶಿವಣ್ಣ ಮಾತ್ರ ಒಪ್ಪಲಿಲ್ಲ. "ನನ್ನದು ಮೊದಲು ಬರಲಿ ಬಿಡಪ್ಪ" ಅಂದರು. ಅವರ ಡಬ್ಬಿ ಇವತ್ತಿಗೂ ಹತ್ತು ಸೆಕೆಂಡಿಗೇ ಕೂಗುತ್ತದೆ. ನಾವೆಲ್ಲ ಹಿಂದೆ ಸರಿದಿರುವುದರಿಂದ ಊರಿನಲ್ಲಿ ತಪ್ಪದೆ ಕಾಲ್ ಬರುವುದು ಈಗ ಅವರಿಗೇ.