ಅಸ್ತೂರಿಯಾಸ್ ಹಳ್ಳಿಯಲ್ಲಿ ವಾಸ್ತವ್ಯ: ಮನೆಯವರ ಜೊತೆಗೋ, ಇಡೀ ಮನೆಯೋ, ಪಾರಾದೋರೋ?

ಉತ್ತರ ಸ್ಪೇನಿನ ಅಸ್ತೂರಿಯಾಸ್ ಪ್ರಾಂತ್ಯದ ಕಾಂಗಾಸ್ ದೆ ಓನೀಸ್ ಊರಿನ ಸುತ್ತಮುತ್ತ ಉಳಿಯೋಕೆ ಮೂರು ದಾರಿ ಇವೆ. ಮನೆಯವರು ತಾವೂ ಅಲ್ಲೇ ಇದ್ದು ಕೋಣೆಗಳನ್ನು ಬಾಡಿಗೆಗೆ ಕೊಡುವ ಹಳ್ಳಿಮನೆ ಒಂದು. ಬೀಗದಕೈ ಕೊಟ್ಟು ಹೊರಟುಬಿಡುವ ಇಡೀ ಮನೆ ಇನ್ನೊಂದು. ಸೆಲ್ಲಾ ನದಿ ಪಕ್ಕದ ಹಳೇ ಮಠದಲ್ಲಿರುವ ಸರ್ಕಾರಿ ಹೋಟೆಲು ಪಾರಾದೋರ್ ಮೂರನೆಯದು. ನನ್ನ ಆಯ್ಕೆ ಮೊದಲನೆಯದೇ, ಮುಖ್ಯವಾಗಿ ರಾತ್ರಿಯೂಟದ ಕಾರಣಕ್ಕೆ.

ಬೆಟ್ಟ ಸುತ್ತಿ ಸಂಜೆ ಏಳಕ್ಕೆ ಹಸಿದು ಬಂದರೆ ಊರಿನ ಹೋಟೆಲುಗಳ ಅಡುಗೆಮನೆ ಮುಚ್ಚಿರುತ್ತೆ. ಮಧ್ಯಾಹ್ನದ ಊಟ ನಾಲ್ಕರೊಳಗೆ ಮುಗಿದರೆ ರಾತ್ರಿಯದು ಶುರುವಾಗೋದು ಎಂಟೂವರೆ, ಒಂಬತ್ತಕ್ಕೆ. ಭಾನುವಾರ ರಾತ್ರಿ ಎಷ್ಟೋ ಕಡೆ ಒಲೆಯನ್ನೇ ಹಚ್ಚೋದಿಲ್ಲ. ಇಡೀ ಮನೆ ಹಿಡಿದವರು ಶನಿವಾರ ಸಂಜೆಯೇ ಹಾಲು, ತರಕಾರಿ, ಬ್ರೆಡ್ಡು ತಂದಿಟ್ಟುಕೊಳ್ಳಬೇಕು.

ಮನೆಯವರು ಊಟ ಹಾಕುವ ಕಡೆಯೂ ಸಸ್ಯಾಹಾರಿಗಳಿಗೆ ಒಂದು ತೊಡಕು ಇದ್ದೇ ಇದೆ. ಅಲ್ಲಿನ ಹೆಸರುವಾಸಿ ಫಬಾದಾಕ್ಕೆ ದೊಡ್ಡ ಬಿಳಿ ಬೀನ್ಸ್ ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಮರುದಿನ ಸಣ್ಣ ಉರಿಯಲ್ಲಿ ಎರಡು ಮೂರು ತಾಸು ಬೇಯಿಸ್ತಾರೆ. ಚೊರಿಸೊ ಎಂಬ ಹಂದಿಮಾಂಸದ ಸಾಸೇಜು, ರಕ್ತದ ಸಾಸೇಜು, ಹಂದಿಮಾಂಸ ಎಲ್ಲ ಅದೇ ಪಾತ್ರೆಗೆ ಬೀಳುತ್ತವೆ. ಬಡಿಸುವಾಗ "ಮಾಂಸ ಬೇಡ" ಅಂದರೆ ತುಂಡುಗಳನ್ನು ತೆಗೆದಿಟ್ಟಾರು, ರಸದಲ್ಲಿ ಇಳಿದದ್ದನ್ನು ತೆಗೆಯೋಕಾಗಲ್ಲ. ಹಾಗಾಗಿ ಹಿಂದಿನ ರಾತ್ರಿಯೇ ಹೇಳಿಡಿ: ನಮ್ಮ ಕಾಳು ಬೇರೆ ಪಾತ್ರೆಯಲ್ಲಿ, ಈರುಳ್ಳಿ, ಬೆಳ್ಳುಳ್ಳಿ, ಆಲಿವ್ ಎಣ್ಣೆ, ಪಿಮೆಂತೋನ್ ಎಂಬ ಕೆಂಪು ಮೆಣಸಿನ ಪುಡಿ, ಇಷ್ಟೇ ಸಾಕು. ಮಾಂಸ, ಹಾಮೋನ್ (ಉಪ್ಪು ಹಾಕಿ ಒಣಗಿಸಿದ ಹಂದಿ ತೊಡೆ), ಮೀನು, ಮಾಂಸ ಬೇಯಿಸಿದ ನೀರು, ಈ ನಾಲ್ಕನ್ನೂ ಬಿಡಿಸಿ ಹೇಳಬೇಕು. ಬರೀ "ಸಸ್ಯಾಹಾರಿ" ಅಂದರೆ ಸಲಾಡಿನ ಮೇಲೆ ಟ್ಯೂನಾ ಬಂದು ಕೂರುತ್ತೆ. ಆಲೂಗಡ್ಡೆ ತೊರ್ತಿಯಾದಲ್ಲಿ ಮೊಟ್ಟೆ ಇರುತ್ತೆ. ಕಬ್ರಾಲೆಸ್ ಚೀಸ್ ಸಾಂಪ್ರದಾಯಿಕವಾಗಿ ಪ್ರಾಣಿಮೂಲದ ಹೆಪ್ಪಿನದು, ಕಟ್ಟುನಿಟ್ಟಿನವರು ಬಿಡೋದೇ ಒಳ್ಳೆಯದು. ಕೊನೆಗೆ ಬರುವ ಅರೋಸ್ ಕೊನ್ ಲೆಚೆ ಮಾತ್ರ ನಿಶ್ಚಿಂತೆ: ಹಾಲಲ್ಲಿ ನಿಧಾನಕ್ಕೆ ಬೆಂದ ಅನ್ನ, ಚಕ್ಕೆಯ ಘಮ, ಮೇಲೆ ಸಕ್ಕರೆ ಸುಟ್ಟ ಗರಿಗರಿ ಪದರ.

ಹೀಗೆ ಮೊದಲೇ ಹೇಳಿ ಮಾಡಿಸಿಕೊಳ್ಳೋದು ಮನೆಯವರ ಹತ್ತಿರ ಮಾತ್ರ ಸಾಧ್ಯ. ಆದರೆ ಎಲ್ಲ ಹಳ್ಳಿಮನೆಗಳಲ್ಲೂ ರಾತ್ರಿಯೂಟ ಇರಲ್ಲ, ಕೋಣೆ ಕಾಯ್ದಿರಿಸುವಾಗಲೇ ಕೇಳಿ.

ಪಾರಾದೋರಿನ ಕಲ್ಲುಕಟ್ಟಡ ಕಣ್ಣಿಗೆ ಹಬ್ಬ, ಸೇವೆಯೂ ಅಚ್ಚುಕಟ್ಟು. ಬಾಡಿಗೆ ಮಾತ್ರ ನನ್ನ ಜೇಬಿಗೆ ಭಾರ.

ಇಡೀ ಮನೆ ಆರೆಂಟು ಜನರಿಗೆ, ಮಕ್ಕಳಿರುವವರಿಗೆ, ಕುಕ್ಕರ್ ಹೊತ್ತು ಬರುವವರಿಗೆ ಸರಿ. ವಾರಾಂತ್ಯದಲ್ಲಿ ಕನಿಷ್ಠ ಎರಡು ರಾತ್ರಿ, ಆಗಸ್ಟಿನಲ್ಲಿ ಎಷ್ಟೋ ಕಡೆ ಇಡೀ ವಾರ ಹಿಡಿಯಬೇಕಾಗುತ್ತೆ. ಚಳಿಗಾಲದಲ್ಲಿ ಸೌದೆ ಒಲೆ ಹಚ್ಚೋದೂ ನಿಮ್ಮದೇ ಕೆಲಸ.

ಪಾಸ್‌ಪೋರ್ಟ್ ವಿವರ ಮೂರೂ ಕಡೆ ಕೇಳ್ತಾರೆ. 2024ರ ಡಿಸೆಂಬರ್ 2ರಿಂದ ಮನೆ ವಿಳಾಸ, ಫೋನು, ಇಮೇಲನ್ನೂ ಬರೆದುಕೊಳ್ಳಬೇಕೆಂಬ ನಿಯಮ ಇದೆ, ಗಾಬರಿ ಬೇಡ.

ಬೇಸಿಗೆಯಲ್ಲಿ ಕೊವಾದೊಂಗಾ ಕೆರೆಗಳ ರಸ್ತೆಗೆ ಹಗಲು ಸ್ವಂತ ಕಾರು ಬಿಡಲ್ಲ, ಕಾಂಗಾಸಿನಿಂದ ಬಸ್ಸಿದೆ. ಬೇಗ ಹೊರಡುವವರು ರಾತ್ರಿಯೇ ತಿಳಿಸಿದರೆ ಮನೆಯವರು ತಿಂಡಿ ಕಟ್ಟಿಕೊಟ್ಟಾರು.

ಇಬ್ಬರೇ ಹೋಗುವುದು, ಕಾರಿದೆ, ಅಡುಗೆ ಮಾಡೋಕೆ ಮನಸ್ಸಿಲ್ಲ ಅಂದರೆ ಮನೆಯವರ ಜೊತೆಯೇ ಉಳಿಯಿರಿ. ರಾತ್ರಿ ಹತ್ತರ ಮೇಲೆ ತಲುಪುವ ಹಾಗಿದ್ದರೆ ಆ ದಿನ ಅಸ್ತೂರಿಯಾಸಿನ ರಾಜಧಾನಿ ಓವಿಯೇದೊದಲ್ಲೇ ಮಲಗಿ, ಬೆಳಿಗ್ಗೆ ಹೊರಡಿ. ಅಷ್ಟು ಹೊತ್ತಿನಲ್ಲಿ ಬಾಗಿಲು ತೆಗೆಯೋಕೆ ಹಳ್ಳಿಮನೆಯಲ್ಲಿ ರಾತ್ರಿಪಾಳಿಯವರು ಇರಲ್ಲ.