ಕಾವಲು ಇಲಿ, ಅಗರ್ ಪ್ಲೇಟ್, ಧೂಳಿನ ಪಿಸಿಆರ್: ಇಲಿಮನೆಗೆ ಯಾವುದು ವಾಸಿ?

ಪ್ರಯೋಗದ ಇಲಿಗಳಲ್ಲಿ ಬ್ಯಾಕ್ಟೀರಿಯಾ ಸೋಂಕು ಹಿಡಿಯುವುದು ಯಾಕೆ ಕಷ್ಟ ಅಂದರೆ, ಸೋಂಕಿದ್ದರೂ ಇಲಿ ಆರಾಮಾಗಿ ತಿಂದುಕೊಂಡು ಓಡಾಡಿಕೊಂಡಿರುತ್ತದೆ. ಹೆಲಿಕೊಬ್ಯಾಕ್ಟರ್ ಹೆಪ್ಯಾಟಿಕಸ್ ಎಂಬ ಬ್ಯಾಕ್ಟೀರಿಯಾ ಇರುವ ಎಷ್ಟೋ ಇಲಿಗಳು ಹೊರಗೆ ಏನೂ ತೋರಿಸುವುದಿಲ್ಲ. ಅದೇ ಉರಿಯೂತ ತಡೆಯುವ ಐಎಲ್-10 ಜೀನ್ ತೆಗೆದ ಇಲಿಗೆ ಅಂಟಿದರೆ ದೊಡ್ಡ ಕರುಳು ಊದಿಕೊಳ್ಳುತ್ತದೆ, ಪ್ರಯೋಗ ಹಾಳು. ಬೆಂಗಳೂರಿನ ಇಲಿಮನೆಯೊಂದರ ಕೆಲಸದಲ್ಲಿ ನಾನು ಮೂರು ವಿಧಾನಗಳನ್ನೂ ಬಳಸಿ ನೋಡಿದ್ದೇನೆ.

ಸೆಂಟಿನೆಲ್, ಅಂದರೆ ಕಾವಲು ಇಲಿ, ಹಳೇ ಪದ್ಧತಿ. ಕೇಜ್ ಬದಲಿಸುವ ದಿನ ಪ್ರತಿ ಕೇಜಿನಿಂದ ಒಂದು ಚಮಚ ಕೊಳೆ ಬೆಡ್ಡಿಂಗ್ (ಕೇಜಿನ ತಳಕ್ಕೆ ಹಾಸುವ ಹಾಸು) ತೆಗೆದು ಕಾವಲು ಇಲಿಗಳ ಕೇಜಿಗೆ ಸುರಿಯುತ್ತೇವೆ. ಕೆಲವು ತಿಂಗಳ ನಂತರ ಅವುಗಳ ರಕ್ತ, ಹಿಕ್ಕೆ ಎಲ್ಲ ಪರೀಕ್ಷೆಗೆ ಹೋಗುತ್ತದೆ. ಯುರೋಪಿನ ಪ್ರಯೋಗಪ್ರಾಣಿ ವಿಜ್ಞಾನ ಸಂಘಗಳ ಒಕ್ಕೂಟ ಫೆಲಾಸಾದ 2014ರ ಶಿಫಾರಸು ಮೂರು ತಿಂಗಳಿಗೊಮ್ಮೆ ತಪಾಸಣೆ ಮಾಡಿ ಎನ್ನುತ್ತದೆ. ಹಿಕ್ಕೆಯಲ್ಲಿ ಹರಡುವ ರೋಗಾಣುಗಳಿಗೆ ಇದು ಪರವಾಗಿಲ್ಲ. ರೊಡೆಂಟಿಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ವಿಷಯಕ್ಕೆ ಬಂದರೆ ಮಾತ್ರ ನಂಬೋ ಹಾಗಿಲ್ಲ. 2017ರವರೆಗೆ ಪಾಶ್ಚರೆಲ್ಲಾ ನ್ಯುಮೊಟ್ರೋಪಿಕಾ ಅನ್ನುತ್ತಿದ್ದೆವಲ್ಲ, ಅದೇ. ಅದು ಇರುವುದು ಮೂಗು, ಗಂಟಲಲ್ಲಿ. ಒಣ ಬೆಡ್ಡಿಂಗಿನಲ್ಲಿ ಜಾಸ್ತಿ ಹೊತ್ತು ಬದುಕುವುದಿಲ್ಲ. ಕಾವಲು ಇಲಿಗೆ ಅಂಟುವುದೇ ಇಲ್ಲ, ರಿಪೋರ್ಟ್ ಮಾತ್ರ ನೆಗೆಟಿವ್. ಇಷ್ಟಕ್ಕೆ ಸುಮ್ನೆ ಆ ಇಲಿಗಳ ಜೀವ ಬೇರೆ ಹೋಗುತ್ತದೆ.

ಅಗರ್ ಪ್ಲೇಟ್, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ ಹಾಕಿದ ತಟ್ಟೆ, ಇದರ ಮೇಲೆ ನನಗೆ ಸ್ವಲ್ಪ ಪ್ರೀತಿ ಜಾಸ್ತಿ. ಕಣ್ಣಿಗೆ ಕಾಣುತ್ತದೆ, ಅಲ್ವಾ? ಬೆಳೆದದ್ದರ ಮೇಲೆ ಯಾವ ಆಂಟಿಬಯಾಟಿಕ್ ನಡೆಯುತ್ತದೆ ಎಂದೂ ನೋಡಬಹುದು. ಆದರೆ ಅದರ ಕಾಟವೂ ಕಡಿಮೆಯಿಲ್ಲ. ಹಿಕ್ಕೆಯನ್ನು ಬ್ಲಡ್ ಅಗರ್ ಮೇಲೆ ಎಳೆದು ರಾತ್ರಿಯಿಡೀ ಇಟ್ಟರೆ, ಬೆಳಿಗ್ಗೆ ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾ ಅಲೆ ಅಲೆಯಾಗಿ ಇಡೀ ಪ್ಲೇಟ್ ಆವರಿಸಿರುತ್ತದೆ. ಕೆಳಗೆ ಏನಿದೆಯೋ ಯಾರಿಗೆ ಗೊತ್ತು! ಮ್ಯಾಕಾಂಕಿ ಅಗರಿನಲ್ಲಿ ಪಿತ್ತದ ಲವಣ ಇರುವುದರಿಂದ ಅದು ಹಾಗೆ ಹರಡುವುದಿಲ್ಲ. ಹಾಗಾಗಿ ಎರಡನ್ನೂ ಜೊತೆಗೇ ಹಾಕುತ್ತೇನೆ. ಟೈಜರ್ ರೋಗ ತರುವ ಕ್ಲಾಸ್ಟ್ರಿಡಿಯಂ ಪಿಲಿಫಾರ್ಮೆ ಜೀವಕೋಶದ ಒಳಗೆ ಮಾತ್ರ ಬೆಳೆಯುವಂಥದ್ದು, ಯಾವ ಅಗರ್ ಹಾಕಿದರೂ ಬರುವುದಿಲ್ಲ. ಮೈಕೊಪ್ಲಾಸ್ಮಾ ಬಂದರೂ ನಿಧಾನ. ಇನ್ನು ಗಂಟಲಿನ ಸ್ವಾಬ್ ಹೊರಗಿನ ಲ್ಯಾಬಿಗೆ ಹೋಗಬೇಕಾದರೆ ಹೆಬ್ಬಾಳದ ಟ್ರಾಫಿಕ್ಕೂ ಲೆಕ್ಕಕ್ಕೆ ಬರುತ್ತದೆ. ದಾರಿಯಲ್ಲಿ ಬ್ಯಾಕ್ಟೀರಿಯಾ ಸತ್ತರೆ ಪ್ಲೇಟ್ ಖಾಲಿ.

ಧೂಳಿನ ಪಿಸಿಆರ್‌ಗೆ ಆ ತಲೆನೋವಿಲ್ಲ. ಅದು ಡಿಎನ್ಎಯನ್ನು ನಕಲು ಮಾಡಿ ಹೆಚ್ಚಿಸಿ ಪತ್ತೆ ಹಚ್ಚುವ ಪರೀಕ್ಷೆ, ಸತ್ತದ್ದರ ಡಿಎನ್ಎ ಸಿಕ್ಕರೂ ಸಾಕು. ಐವಿಸಿ (ಪ್ರತಿ ಕೇಜಿಗೂ ಬೇರೆ ಬೇರೆಯಾಗಿ ಗಾಳಿ ಹೋಗಿಬರುವ) ರ‍್ಯಾಕಿನಿಂದ ಗಾಳಿ ಹೊರಹೋಗುವ ನಾಳದೊಳಗೆ ಸಣ್ಣ ಫಿಲ್ಟರ್ ತುಂಡು ಇಡುತ್ತೇವೆ. ಆ ರ‍್ಯಾಕಿನ ಕೇಜುಗಳಿಂದ ಹೊರಟ ಧೂಳು ಅದರ ಮೇಲೆ ಕೂತಿರುತ್ತದೆ. ಕಾವಲು ಇಲಿ ಕ್ಲೀನ್ ಎಂದ ರ‍್ಯಾಕಿನಲ್ಲೇ ರೊಡೆಂಟಿಬ್ಯಾಕ್ಟರ್ ತೋರಿಸಿದ್ದು ಇದೇ. ಹಾಗಂತ ಎಲ್ಲ ಕಡೆ ಆಗುವುದಿಲ್ಲ. ಕೆಲವು ಕಂಪನಿಗಳ ಕೇಜಿನಲ್ಲಿ ಹೊರಹೋಗುವ ಗಾಳಿಗೆ ಮುಚ್ಚಳದಲ್ಲೇ ಫಿಲ್ಟರ್ ಇರುತ್ತದೆ, ಧೂಳು ನಾಳದವರೆಗೆ ಬರುವುದೇ ಇಲ್ಲ. ಇನ್ನೊಂದು, ರ‍್ಯಾಕ್ ಪಾಸಿಟಿವ್ ಎಂದು ಹೇಳುತ್ತದೆಯೇ ಹೊರತು ಯಾವ ಕೇಜ್ ಎಂದಲ್ಲ. ಅದಕ್ಕೆ ಇಲಿ ಹಿಡಿದು ಬಾಯಿಯ ಸ್ವಾಬ್, ಹಿಕ್ಕೆ ತೆಗೆದು ನೋಡಲೇಬೇಕು. ಕೂದಲಿಲ್ಲದ ನ್ಯೂಡ್ ಇಲಿಗಳಲ್ಲಿ ಕೊರಿನೆಬ್ಯಾಕ್ಟೀರಿಯಂ ಬೋವಿಸ್ ಅನುಮಾನವಿದ್ದರೆ ಚರ್ಮದ ಸ್ವಾಬ್.

ನನ್ನನ್ನು ಕೇಳಿದರೆ, ಗಾಳಿಯ ನಾಳಕ್ಕೆ ಧೂಳು ಬರುವ ರ‍್ಯಾಕ್ ಇದ್ದವರು ಕಾವಲು ಇಲಿ ನಿಲ್ಲಿಸಬಹುದು. ಪ್ಲೇಟ್ ಮಾತ್ರ ಬಿಡಬೇಡಿ, ಇಲಿ ಸತ್ತು ಸಿಕ್ಕ ದಿನ ಅದೇ ಬೇಕು. ಪಿಸಿಆರ್ ಶುರು ಮಾಡುವ ಮುಂಚೆ ನಾಳ ತೊಳೆಸಿ, ಇಲಿ ಇಡುವ ಮೊದಲೇ ಒಂದು ಸ್ವಾಬ್ ಕಳಿಸಿ ನೋಡಿ. ಇಲ್ಲದಿದ್ದರೆ ಯಾವತ್ತೋ ಹೋದ ಇಲಿಗಳ ಡಿಎನ್ಎ ಈಗಿನ ಇಲಿಗಳ ತಲೆಗೆ ಬರುತ್ತದೆ.