ಹಂಗಿನ ಗೆಳೆತನದ ಕಥೆ: ‘ದಿ ಟ್ಯಾಲೆಂಟೆಡ್ ಮಿಸ್ಟರ್ ರಿಪ್ಲೆ’

ಪೆಟ್ರೀಷಿಯಾ ಹೈಸ್ಮಿತ್ 1955ರಲ್ಲಿ ತಂದ ಈ ಕಾದಂಬರಿಯನ್ನು ಅಂಗಡಿಗಳು ಕ್ರೈಮ್ ಸಾಲಿನಲ್ಲಿ ಇಡುತ್ತವೆ. ಕೊಂದವರು ಯಾರು ಎಂದು ಹುಡುಕುವ ಆಸೆಯಿಂದ ಕೊಂಡವರಿಗೆ ನಿರಾಸೆಯಾದೀತು. ಕೊಲೆ ಅರ್ಧ ದಾರಿಗೂ ಮುಂಚೆ, ನಮ್ಮ ಕಣ್ಣೆದುರೇ ನಡೆದುಬಿಡುತ್ತದೆ. ರಿಪ್ಲೆ ಸರಣಿಯಲ್ಲಿ ಒಟ್ಟು ಐದು ಪುಸ್ತಕಗಳಿರುವುದರಿಂದ ಅವನು ಸಿಕ್ಕಿಬೀಳುತ್ತಾನೋ ಇಲ್ಲವೋ ಎಂಬ ಗುಟ್ಟೂ ಅರ್ಧ ಬಯಲಾದಂತೆಯೇ. ಹಾಗಿದ್ದೂ ಪುಸ್ತಕ ಕೆಳಗಿಡಲು ಬಿಡುವುದಿಲ್ಲ. ಹಾಗೆ ಹಿಡಿದಿಡುವ ಸಂಗತಿಗೆ ಕನ್ನಡದಲ್ಲಿ ಒಂದು ಪದವಿದೆ: ಹಂಗು.

ಟಾಮ್ ರಿಪ್ಲೆ ನ್ಯೂಯಾರ್ಕಿನಲ್ಲಿ ತೆರಿಗೆ ಇಲಾಖೆಯವನಂತೆ ನಟಿಸಿ ಜನರಿಂದ ಚೆಕ್ ತರಿಸಿಕೊಳ್ಳುವ ಸಣ್ಣ ಮೋಸಗಾರ. ಆ ಚೆಕ್ಕುಗಳನ್ನು ನಗದು ಮಾಡಿಕೊಳ್ಳಲೂ ಆಗದು. ದೋಣಿ ಕಂಪನಿಯ ಯಜಮಾನ ಗ್ರೀನ್‌ಲೀಫ್, ಇಟಲಿಯಲ್ಲಿ ಚಿತ್ರ ಬರೆಯುತ್ತಾ ಕೂತ ಮಗ ಡಿಕಿಯನ್ನು ಮನೆಗೆ ಕರೆತರಲು ಇವನಿಗೆ ಖರ್ಚು ಕೊಟ್ಟು ಕಳಿಸುತ್ತಾನೆ. ಡಿಕಿಗೆ ತಿಂಗಳು ತಿಂಗಳು ಟ್ರಸ್ಟ್ ಹಣ, ಸಮುದ್ರದ ಎದುರಿಗೆ ಮನೆ. ಟಾಮ್‌ಗೆ ಡಿಕಿಯ ಅಪ್ಪ ಕೊಟ್ಟ ದುಡ್ಡು, ಅದೂ ಮುಗಿಯುವ ತನಕ. ಯಾರು ಯಾರ ಅಂಗಳದಲ್ಲಿ ನಿಂತಿದ್ದಾರೆ, ಯಾರು ಬೇಸರವಾದ ಕ್ಷಣ ಎದ್ದು ಹೋಗಬಹುದು ಎಂಬ ಲೆಕ್ಕ ಪ್ರತಿ ಊಟ, ಪ್ರತಿ ಪ್ರವಾಸದ ಅಡಿಯಲ್ಲೂ ಓಡುತ್ತಿರುತ್ತದೆ. ಡಿಕಿ ಕೆಟ್ಟವನೇನಲ್ಲ, ಬರೀ ಉದಾಸೀನ. ಬಡ ಗೆಳೆಯನಿಗೆ ಬೈಗುಳಕ್ಕಿಂತ ಹೆಚ್ಚು ಸುಡುವುದು ಅದೇ.

ಬಟ್ಟೆಯ ದೃಶ್ಯ ಗಮನಿಸಿ. ಡಿಕಿ ತನ್ನ ಗೆಳತಿ ಮಾರ್ಜ್‌ಳ ಮನೆಗೆ ಹೋಗಿರುವಾಗ ಟಾಮ್ ಅವನ ಸೂಟು ತೊಟ್ಟು, ಅವನಂತೆ ತಲೆ ಬಾಚಿ, ಕನ್ನಡಿಯ ಮುಂದೆ ಅವನ ದನಿಯಲ್ಲಿ ಮಾರ್ಜ್‌ಳನ್ನು ದೂರ ತಳ್ಳುತ್ತಾನೆ, ಕತ್ತು ಹಿಸುಕುವ ಅಭಿನಯವನ್ನೂ ಮಾಡುತ್ತಾನೆ. ತಿರುಗಿದರೆ ಬಾಗಿಲಲ್ಲಿ ಡಿಕಿ. ಅವನು ರೇಗಿ ಹೇಳುವುದು ಇಷ್ಟೇ: ನನ್ನ ಬಟ್ಟೆ ಬಿಚ್ಚು. ಅಲ್ಲಿಂದಾಚೆ ಗೆಳೆತನ ಮುಗಿದದ್ದು ಇಬ್ಬರಿಗೂ ಗೊತ್ತು, ಬಾಯಿ ಬಿಡುವವರಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ಫ್ರಿಜ್ಜಿನ ಪ್ರಸಂಗ. ಡಿಕಿಯ ಮನೆಗೆ ಬಂದ ಫ್ರಿಜ್ ಕಂಡರೆ ಟಾಮ್‌ಗೆ ಆಗದು. ಫ್ರಿಜ್ ಬಂತೆಂದರೆ ಡಿಕಿ ಇಲ್ಲೇ ಬೇರು ಬಿಟ್ಟ, ಗ್ರೀಸ್ ಪ್ರವಾಸದ ಕನಸು ಮುಗಿಯಿತು. ಅಡುಗೆಮನೆಯ ಸಾಮಾನಿನ ಮೇಲೆ ಇಷ್ಟು ದ್ವೇಷ ಹೊರಿಸಿ ನಂಬಿಸಬಲ್ಲ ಲೇಖಕರು ಕಡಿಮೆ.

ಕಥನ ‘ನಾನು’ ಎನ್ನದೆ ‘ಅವನು’ ಎಂದೇ ಸಾಗಿದರೂ ಟಾಮ್‌ನ ತಲೆ ಬಿಟ್ಟು ಒಂದು ಸಾಲೂ ಹೊರಗೆ ಬರುವುದಿಲ್ಲ. ಹೈಸ್ಮಿತ್ ಅವರ ಕಸುಬು ಇಲ್ಲಿದೆ. ಟಾಮ್ ಡಿಕಿಯನ್ನು ಕೊಂದು, ಅವನ ಹೆಸರಿನಲ್ಲೇ ತಿರುಗಿದವನು. ವೆನಿಸ್‌ನಲ್ಲಿ ಮಾರ್ಜ್ ಕೈಗೆ ಡಿಕಿಯ ಉಂಗುರಗಳು ಸಿಕ್ಕಾಗ ಟಾಮ್ ಕೈಯಲ್ಲಿ ಒಂದು ಶೂ ಇರುತ್ತದೆ. ಹಿಮ್ಮಡಿಯಿಂದ ಹೊಡೆಯುವುದು, ಕಾಲುವೆಗೆ ತಳ್ಳುವುದು, ಪಾಚಿಯ ಮೆಟ್ಟಿಲಲ್ಲಿ ಜಾರಿದಳು ಎನ್ನುವುದು, ಎಲ್ಲವನ್ನೂ ಅವನು ಮನಸ್ಸಿನಲ್ಲೇ ಜೋಡಿಸುತ್ತಾನೆ. ಓದುಗರೂ ಅವನ ಜೊತೆ ಕೂತು ಆ ಸುಳ್ಳಿನಲ್ಲಿ ತೂತಿದೆಯೇ ಎಂದು ನೋಡುತ್ತಿರುತ್ತಾರೆ.

ದೋಷಗಳಿವೆ. ಮಾರ್ಜ್‌ಳನ್ನು ಟಾಮ್‌ನ ತಾತ್ಸಾರದ ಕಣ್ಣಿನಿಂದಲೇ ನೋಡುವುದರಿಂದ ಅವಳು ಕೊನೆತನಕ ತೆಳುವಾಗಿಯೇ ಉಳಿಯುತ್ತಾಳೆ. ಇಟಲಿಯ ಪೊಲೀಸರ ಮೂಗಿನಡಿ ಇಷ್ಟೆಲ್ಲ ನಡೆಯುವುದು ಕೆಲವೆಡೆ ಲೇಖಕಿಯ ಅನುಕೂಲಕ್ಕೆ. ರೋಮ್, ಪಲೆರ್ಮೊ, ವೆನಿಸ್ ಎಂದು ಸುತ್ತುವ ದ್ವಿತೀಯಾರ್ಧದಲ್ಲಿ ಯಾವ ಪತ್ರ ಯಾರ ಹೆಸರಲ್ಲಿ ಹೋಯಿತು, ಯಾವ ಊರಲ್ಲಿ ಅವನು ಟಾಮ್, ಯಾವ ಊರಲ್ಲಿ ಡಿಕಿ ಎಂಬುದು ತಪ್ಪಿದರೆ ಸ್ವಾರಸ್ಯ ಅರ್ಧಕ್ಕರ್ಧ ಹೋಯಿತು. ವಾರಕ್ಕೆ ಹತ್ತು ಪುಟದಂತೆ ಓದುವ ಪುಸ್ತಕವಲ್ಲ. ಮೂರ್ನಾಲ್ಕು ದಿನದಲ್ಲಿ ಮುಗಿಸಿ. ಇಂಗ್ಲಿಷ್ ಸರಳ, ವಾಕ್ಯಗಳು ಚಿಕ್ಕವು, ನಿಘಂಟು ಬೇಕಾಗದು. ಭೂಪಟದಲ್ಲಿ ಡಿಕಿ ನೆಲೆಸಿದ ಮಾಂಜಿಬೆಲ್ಲೊ ಹುಡುಕಬೇಡಿ, ನೇಪಲ್ಸ್‌ನ ದಕ್ಷಿಣಕ್ಕೆ ಲೇಖಕಿ ಕಟ್ಟಿಕೊಂಡ ಊರು ಅದು.

1999ರ ಸಿನಿಮಾ ನೋಡಿದವರೂ ಓದಬಹುದು. ಅಲ್ಲಿ ದೋಣಿಯ ಮೇಲಿನ ಹತ್ಯೆ ಜಗಳದ ಬಿಸಿಯಲ್ಲಿ ಆಗುತ್ತದೆ. ಪುಸ್ತಕದಲ್ಲಿ ಟಾಮ್ ಅದನ್ನು ಸ್ಯಾನ್ ರೆಮೊಗೆ ಹೋಗುವ ರೈಲಿನಲ್ಲೇ ನಿರ್ಧರಿಸಿರುತ್ತಾನೆ. ಸಿನಿಮಾದ ಟಾಮ್ ಬಗ್ಗೆ ಅಯ್ಯೋ ಅನ್ನಿಸುತ್ತದೆ, ಪುಸ್ತಕದ ಟಾಮ್ ಆ ಅಯ್ಯೋ ಅನ್ನುವುದನ್ನೂ ತನ್ನ ಖಾತೆಗೆ ಜಮಾ ಮಾಡಿಕೊಳ್ಳುವ ಆಸಾಮಿ. 2024ರ ಎಂಟು ಕಂತಿನ ಕಪ್ಪು-ಬಿಳುಪು ಸರಣಿ ಈ ವಿಷಯದಲ್ಲಿ ಮೂಲಕ್ಕೆ ಹೆಚ್ಚು ಹತ್ತಿರ, ಆದರೆ ಪುಸ್ತಕದ ಓಟ ಅದಕ್ಕಿಲ್ಲ.